ಒಂದು ರಾಜೀನಾಮೆ ಸಹಿ, ಮೂರು ಕಡೆ ನಷ್ಟ: ಇಎಸ್‌ಐ ನಿರುದ್ಯೋಗ ಪರಿಹಾರ ಸಿಕ್ಕಿಬೀಳುವುದು ಎಲ್ಲಿ?

ಪೀಣ್ಯದಲ್ಲಾಗಲಿ, ಬೊಮ್ಮಸಂದ್ರದಲ್ಲಾಗಲಿ, ಮದ್ದೂರಿನ ಗಾರ್ಮೆಂಟ್ಸ್‌ನಲ್ಲಾಗಲಿ, ಕೆಲಸದಿಂದ ತೆಗೆಯುವ ದಿನ ಎಚ್‌ಆರ್ ಮೇಜಿನ ಮೇಲೆ ಸಾಮಾನ್ಯವಾಗಿ ಎರಡು ಹಾಳೆ ಇರುತ್ತವೆ. ಒಂದು ಫೈನಲ್ ಸೆಟಲ್‌ಮೆಂಟ್ ಲೆಕ್ಕ. ಇನ್ನೊಂದು ಮೊದಲೇ ಟೈಪ್ ಮಾಡಿಟ್ಟ ರಾಜೀನಾಮೆ: ‘ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.’ ಸಹಿ ಹಾಕಮ್ಮ, ಪಿಎಫ್ ಬೇಗ ಬರುತ್ತೆ ಅನ್ನುತ್ತಾರೆ. ಪಿಎಫ್ ಬರುತ್ತದೆ ಕೂಡ. ಆದರೆ ಪಿಎಫ್‌ಗೆ ಆ ಹಾಳೆ ಬೇಕಾಗಿಯೇ ಇರಲಿಲ್ಲ. ಆಮೇಲೆ ಆರು ತಿಂಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) ಬ್ರಾಂಚ್ ಆಫೀಸಿಗೆ ಅಲೆದು, ಟೋಲ್ ಫ್ರೀ ನಂಬರಿನ ಸಂಗೀತ ಕೇಳಿ ಕೇಳಿ ಸುಸ್ತಾದವರ ಫೈಲು ತೆರೆದು ನೋಡಿದರೆ, ತೊಡಕು ಎಷ್ಟೋ ಸಲ ಆ ಒಂದು ಸಹಿಯಿಂದಲೇ ಶುರುವಾಗಿರುತ್ತದೆ.

ಕೆಲಸ ಕಳೆದುಕೊಂಡವರಿಗೆ ಈ ದೇಶದಲ್ಲಿ ಸರ್ಕಾರದಿಂದ ಏನೂ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. ಹೆಸರು ಕನ್ನಡದ ನಾಲಿಗೆಗೆ ಹತ್ತುವುದಿಲ್ಲ, ಯೋಜನೆ ಜನರನ್ನು ಮುಟ್ಟದಿರಲು ಅದೂ ಒಂದು ಕಾರಣ ಇರಬಹುದು. ಎರಡು ವರ್ಷದ ಪ್ರಯೋಗವೆಂದು ಬಂದದ್ದು, ಅವಧಿ ಮುಗಿದಾಗಲೆಲ್ಲ ವಿಸ್ತರಣೆ ಪಡೆಯುತ್ತಾ ಬಂದಿದೆ. ಮೊದಲು ಸರಾಸರಿ ದಿನಗೂಲಿಯ ಶೇ 25ರಷ್ಟು ಮಾತ್ರ ಕೊಡುತ್ತಿತ್ತು, ಅದೂ 90 ದಿನ ಖಾಲಿ ಕೂತ ಮೇಲೆ, ಕೆಲಸದಿಂದ ತೆಗೆದ ಮಾಲೀಕರ ಮೂಲಕವೇ ಅರ್ಜಿ ಹಾಕಿ. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ದರ ಶೇ 50 ಆಯಿತು, ಕಾಯುವ ಅವಧಿ 30 ದಿನಕ್ಕೆ ಇಳಿಯಿತು, ಕಾರ್ಮಿಕರೇ ನೇರವಾಗಿ ಬ್ರಾಂಚ್ ಆಫೀಸಿಗೆ ಅರ್ಜಿ ಕೊಡಬಹುದು ಎಂದಾಯಿತು. ಜೀವಮಾನದಲ್ಲಿ ಒಟ್ಟು 90 ದಿನದ ಪರಿಹಾರ. ಆ ಅವಧಿಗೆ ಇಎಸ್‌ಐ ವೈದ್ಯಕೀಯ ಸೌಲಭ್ಯವೂ ಮುಂದುವರಿಯುತ್ತದೆ.

ಅರ್ಹತೆಗೆ ಎರಡು ಲೆಕ್ಕ. ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿ ಇದ್ದಿರಬೇಕು. ಜತೆಗೆ ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ವಂತಿಗೆ ಅವಧಿ ಎಂದರೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಆಗಸ್ಟ್ 10ರಂದು ಕೆಲಸ ಹೋದವರಿಗೆ ‘ಮುಂಚಿನ ಅವಧಿ’ ಅಂದರೆ ಮಾರ್ಚ್‌ಗೆ ಮುಗಿದ ಆರು ತಿಂಗಳು. ತಿಂಗಳ ಸಂಬಳ 21,000 ರೂಪಾಯಿ ದಾಟಿದವರು ಆಗಿನ ವಂತಿಗೆ ಅವಧಿ ಮುಗಿಯುವವರೆಗೆ ಮಾತ್ರ ಇಎಸ್‌ಐನಲ್ಲಿ ಇರುತ್ತಾರೆ. ಇನ್‌ಕ್ರಿಮೆಂಟ್ ಸಿಕ್ಕ ಖುಷಿಯಲ್ಲಿ ಇದನ್ನು ಗಮನಿಸದೆ, ಎರಡು ವರ್ಷ ಕಳೆದು ಅರ್ಜಿ ಹಾಕಿ ತಿರಸ್ಕಾರ ಕಂಡವರಿದ್ದಾರೆ.

ಎಷ್ಟು ಸಿಗುತ್ತದೆ ಎಂಬಲ್ಲೂ ಜನ ಎಡವುತ್ತಾರೆ. ಕೊನೆಯ ತಿಂಗಳ ಸಂಬಳದ ಅರ್ಧ ಅಂದುಕೊಳ್ಳುತ್ತಾರೆ. ನಿಜವಾದ ಲೆಕ್ಕ ಹೀಗೆ: ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸಿ, ಬಂದದ್ದರ ಅರ್ಧ. ತಿಂಗಳಿಗೆ 18,000ದಂತೆ 24 ತಿಂಗಳು ಪೂರ್ತಿ ದುಡಿದವರ ಒಟ್ಟು 4,32,000, ಭಾಗಿಸಿದರೆ ದಿನಕ್ಕೆ ಸುಮಾರು 592, ಅರ್ಧ 296, 90 ದಿನಕ್ಕೆ ಸುಮಾರು 26,600 ರೂಪಾಯಿ. ಅದೇ ಸಂಬಳಕ್ಕೆ ಆ ಎರಡು ವರ್ಷದಲ್ಲಿ 14 ತಿಂಗಳು ಮಾತ್ರ ದುಡಿದಿದ್ದರೆ, ಹೆರಿಗೆಗೋ ಕಾಯಿಲೆಗೋ ಸಂಬಳವಿಲ್ಲದ ರಜೆ ಹಾಕಿದ್ದರೆ, ಭಾಗಿಸುವ ಸಂಖ್ಯೆ ಮಾತ್ರ 730 ಆಗಿಯೇ ಉಳಿಯುತ್ತದೆ. ಆಗ ಕೈಗೆ ಬರುವುದು ಸುಮಾರು 15,500. ಕಡಿಮೆ ಬಂತೆಂದು ಮೇಲ್ಮನವಿಗೆ ಓಡುವ ಮುಂಚೆ ಈ ಭಾಗಾಕಾರ ಮಾಡಿ ನೋಡಬೇಕು. ಲೆಕ್ಕ ಸರಿಯಿದ್ದರೆ ಆ ಮೇಲ್ಮನವಿಯಿಂದ ಏನೂ ಹುಟ್ಟುವುದಿಲ್ಲ.

ಈಗ ಆ ಹಾಳೆಗೆ ಬರೋಣ. ಯೋಜನೆಯಿಂದ ಹೊರಗಿಡುವ ಕಾರಣಗಳಲ್ಲಿ ಸ್ವಇಚ್ಛೆಯಿಂದ ಕೆಲಸ ಬಿಟ್ಟದ್ದು, ಸ್ವಯಂ ನಿವೃತ್ತಿ, ಶಿಸ್ತುಕ್ರಮದ ವಜಾ, ಕಾನೂನುಬಾಹಿರವೆಂದು ಘೋಷಿಸಿದ ಮುಷ್ಕರ ಎಲ್ಲವೂ ಇವೆ. ‘ಸ್ವಇಚ್ಛೆಯಿಂದ’ ಎಂದು ಬರೆದ ಕಾಗದ ಕಾರ್ಖಾನೆಯ ಫೈಲಿನಲ್ಲಿದ್ದರೆ ಬ್ರಾಂಚ್ ಆಫೀಸಿನವರಿಗೆ ತಿರಸ್ಕರಿಸುವ ಕಾರಣ ಸಿದ್ಧವಾಗಿ ಸಿಕ್ಕಿದಂತೆ. ಇದು ಮೊದಲ ನಷ್ಟ. ಎರಡನೆಯದು ಇನ್ನೂ ದೊಡ್ಡದು: ಕಾರ್ಖಾನೆ ಮುಚ್ಚಿದರೆ ಅಥವಾ ಹೆಚ್ಚುವರಿ ಎಂದು ಕೆಲಸದಿಂದ ತೆಗೆದರೆ (ರಿಟ್ರೆಂಚ್‌ಮೆಂಟ್) ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬ ಹಳೆಯ, 2005ರ ಏಪ್ರಿಲ್‌ನಿಂದ ಇರುವ ಇಎಸ್‌ಐ ಭತ್ಯೆ ಇದೆ. ಅದು 24 ತಿಂಗಳವರೆಗೆ, ಮೊದಲ ವರ್ಷ ಶೇ 50, ಎರಡನೆಯ ವರ್ಷ ಶೇ 25. ರಾಜೀನಾಮೆ ಕೊಟ್ಟವರು ಅದರ ಹತ್ತಿರವೂ ಸುಳಿಯುವಂತಿಲ್ಲ. ಮೂರನೆಯದು ಮಾಲೀಕರಿಂದಲೇ ಬರಬೇಕಾದ ರಿಟ್ರೆಂಚ್‌ಮೆಂಟ್ ಪರಿಹಾರ, ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇದಕ್ಕೆ ಹೊಸ ಕೆಲಸ ಕಲಿಯಲು ನೆರವಾಗುವ ಮರುಕೌಶಲ ನಿಧಿಯ 15 ದಿನದ ವೇತನವನ್ನೂ ಸೇರಿಸಿದೆ. ರಿಟ್ರೆಂಚ್ ಆದವರ ಖಾತೆಗೆ 45 ದಿನದೊಳಗೆ ಅದು ಸೇರಬೇಕು. ಮಾಲೀಕರಿಗೆ ರಾಜೀನಾಮೆ ಪತ್ರ ಯಾಕಷ್ಟು ಇಷ್ಟ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ.

ಕಾರ್ಮಿಕರು ಯಾಕೆ ಅಷ್ಟು ಸುಲಭವಾಗಿ ಸಹಿ ಹಾಕುತ್ತಾರೆ ಎಂಬುದಕ್ಕೂ ಇತಿಹಾಸವಿದೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆಯನ್ನು ತುಂಬಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ನೆನಪಿಸಿಕೊಳ್ಳಿ. ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧದ ಸಿಟ್ಟು ಅದು, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮ ಹಿಂಪಡೆಯಿತು. ಅವರಿಗೆ ಪಿಎಫ್ ಮುಪ್ಪಿನ ಹಣವಲ್ಲ. ಕೆಲಸ ಬಿಟ್ಟಾಗ, ಮಗಳ ಫೀಸು ಕಟ್ಟುವಾಗ, ಸಾಲಗಾರ ಬಾಗಿಲು ಬಡಿದಾಗ ಒಡೆಯುವ ಹುಂಡಿ. ಕೆಲಸ ಬಿಟ್ಟರೆ ಪಿಎಫ್, ಪಿಎಫ್ ಬೇಕಾದರೆ ರಾಜೀನಾಮೆ ಎಂಬ ಸೂತ್ರ ಹೀಗೆ ಬಾಯಿಪಾಠವಾಯಿತು. ಆದರೆ ಪಿಎಫ್ ಸಂಸ್ಥೆಯಾದ ಇಪಿಎಫ್‌ಒ ಕೇಳುವುದು ಕೆಲಸ ಬಿಟ್ಟ ದಿನಾಂಕವನ್ನು, ರಾಜೀನಾಮೆಯನ್ನಲ್ಲ. ರಿಟ್ರೆಂಚ್ ಆದವರಿಗೂ ಅದೇ ಹಣ, ಅದೇ ಫಾರಂ.

ಕಾರ್ಖಾನೆಯ ಕಂಪ್ಯೂಟರಿನಲ್ಲಿ ಏನಾಗುತ್ತದೆ

ಪ್ರತಿ ತಿಂಗಳು 15ರೊಳಗೆ ಮಾಲೀಕರು ಹಿಂದಿನ ತಿಂಗಳ ವಂತಿಗೆಯನ್ನು ಇಎಸ್‌ಐ ಪೋರ್ಟಲ್‌ಗೆ ಏರಿಸಬೇಕು. ಅದೊಂದು ಎಕ್ಸೆಲ್ ಹಾಳೆ: ಪ್ರತಿ ಕಾರ್ಮಿಕರಿಗೆ ಒಂದು ಸಾಲು, 10 ಅಂಕಿಯ ಐಪಿ ನಂಬರ್ (ಇಎಸ್‌ಐ ವಿಮಾದಾರರ ಗುರುತಿನ ಸಂಖ್ಯೆ), ಹೆಸರು, ಸಂಬಳ ಕೊಟ್ಟ ದಿನಗಳು, ಒಟ್ಟು ವೇತನ. ದಿನಗಳು ಸೊನ್ನೆ ಆದರೆ ಕಾರಣದ ಸಂಕೇತ ತುಂಬಬೇಕು. 1 ಅಂದರೆ ರಜೆ, 2 ಅಂದರೆ ಕೆಲಸ ಬಿಟ್ಟರು, 4 ಅಂದರೆ ವ್ಯಾಪ್ತಿಯಿಂದ ಹೊರಗೆ, 10 ಅಂದರೆ ರಿಟ್ರೆಂಚ್‌ಮೆಂಟ್, 11 ಅಂದರೆ ಕೆಲಸ ಇರಲಿಲ್ಲ. ಅದರ ಪಕ್ಕದಲ್ಲಿ ಕೊನೆಯ ಕೆಲಸದ ದಿನಾಂಕದ ಕಾಲಂ.

ಯಾರ ಹಣ ಎಲ್ಲಿ ನಿಲ್ಲುತ್ತದೆ ಎಂಬುದು ಬಹುಪಾಲು ಈ ಎರಡು ಕಾಲಂಗಳಲ್ಲಿ ತೀರ್ಮಾನವಾಗುತ್ತದೆ. 10 ಹಾಕಬೇಕಾದಲ್ಲಿ 2 ಹಾಕಿದರೆ ತೆಗೆದವರು ‘ಬಿಟ್ಟವರು’ ಆಗುತ್ತಾರೆ. ಗುಮಾಸ್ತ 1 ಅಥವಾ 11 ಹಾಕಿ, ಕೊನೆಯ ದಿನಾಂಕ ತುಂಬದೆ ತಿಂಗಳುಗಟ್ಟಲೆ ಸಾಗಿಸಿದರೆ ದಾಖಲೆಯಲ್ಲಿ ನೀವಿನ್ನೂ ನೌಕರಿಯಲ್ಲೇ ಇದ್ದೀರಿ, ನಿರುದ್ಯೋಗ ಶುರುವಾಗಿಯೇ ಇಲ್ಲ. ಇದು ಯಾವಾಗಲೂ ಕುತಂತ್ರವಲ್ಲ. ಕಾರ್ಖಾನೆಗಳಲ್ಲಿ ಈ ಹಾಳೆ ತುಂಬುವುದು ಹೆಚ್ಚಾಗಿ ಹೊರಗಿನ ಕನ್ಸಲ್ಟೆಂಟ್, ಅವನಿಗೆ ನಿಮ್ಮನ್ನು ಹೇಗೆ ತೆಗೆದರು ಎಂಬುದು ಗೊತ್ತೇ ಇರುವುದಿಲ್ಲ. ಆದ್ದರಿಂದ ಕೆಲಸ ಹೋದ ಮುಂದಿನ ತಿಂಗಳ 15ರ ನಂತರ ಇಎಸ್‌ಐ ಪೋರ್ಟಲ್‌ನ ಐಪಿ ಲಾಗಿನ್‌ನಲ್ಲೋ ಉಮಂಗ್ ಆ್ಯಪ್‌ನಲ್ಲೋ ನಿಮ್ಮ ವಂತಿಗೆ ವಿವರ ತೆರೆದು ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ತಪ್ಪಿದ್ದರೆ ಎಚ್‌ಆರ್‌ಗೆ ಈಮೇಲ್ ಹಾಕಿ. ವಾಟ್ಸ್‌ಆ್ಯಪ್ ಕೂಡ ಆದೀತು, ಬಾಯಿಮಾತು ಆಗದು.

ಗುತ್ತಿಗೆ ಕಾರ್ಮಿಕರಿಗೆ ಇನ್ನೊಂದು ಕಾಟ. ಕಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಐಪಿ ನಂಬರ್ ಮಾಡಿಸಿಬಿಡುತ್ತಾರೆ. ಒಂದರಲ್ಲಿ 50 ದಿನ, ಇನ್ನೊಂದರಲ್ಲಿ 60 ದಿನ ಇದ್ದರೆ ಎರಡರಲ್ಲೂ 78 ಆಗುವುದಿಲ್ಲ. ನಿಯಮದ ಪ್ರಕಾರ ಒಬ್ಬರಿಗೆ ಒಂದೇ ನಂಬರ್, ಕೆಲಸ ಬದಲಾದರೂ ಅದೇ. ಎರಡಿದ್ದರೆ ಅರ್ಜಿಗಿಂತ ಮೊದಲು ಬ್ರಾಂಚ್ ಆಫೀಸಿನಲ್ಲಿ ಎರಡನ್ನೂ ಬರೆದುಕೊಟ್ಟು ಸೇರಿಸಲು ಕೇಳಬೇಕು. ಇನ್ನು ಸಂಬಳದಿಂದ ಶೇ 0.75 ಕಡಿದುಕೊಂಡು (18,000ಕ್ಕೆ 135 ರೂಪಾಯಿ) ತನ್ನ ಪಾಲಿನ ಶೇ 3.25 ಸೇರಿಸಿ ಕಟ್ಟದೆ ಹೋದ ಮಾಲೀಕನಿದ್ದರೆ, ಪೇ ಸ್ಲಿಪ್ಪೇ ನಿಮ್ಮ ಆಧಾರ. ವಂತಿಗೆ ಬಾಕಿಯನ್ನು ಮಾಲೀಕನಿಂದ ವಸೂಲಿ ಮಾಡುವ ಅಧಿಕಾರ ಇಎಸ್‌ಐ ನಿಗಮಕ್ಕಿದೆ, ಆ ಹೊಣೆ ಕಾರ್ಮಿಕರ ಮೇಲಿಲ್ಲ.

ಸಹಿ ಈಗಾಗಲೇ ಬಿದ್ದಿದ್ದರೆ? ಆಟ ಮುಗಿಯಿತು ಅಂತೇನಲ್ಲ, ಆದರೆ ತಡ ಮಾಡಬಾರದು. ಒಂದು ವಾರದೊಳಗೆ, ‘ಈ ದಿನ ಇಷ್ಟು ಹೊತ್ತಿಗೆ, ಇಂಥವರ ಎದುರು, ಸೆಟಲ್‌ಮೆಂಟ್ ಕೊಡುವುದಿಲ್ಲವೆಂದು ಹೇಳಿ ಸಹಿ ಪಡೆದರು, ನಾನು ಸ್ವಇಚ್ಛೆಯಿಂದ ಕೆಲಸ ಬಿಟ್ಟಿಲ್ಲ’ ಎಂದು ಮಾಲೀಕರಿಗೂ ಕಾರ್ಮಿಕ ಇಲಾಖೆಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು (ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ವಿಲೀನವಾಗಿದೆ). ಅದೇ ದಿನ ಹತ್ತಾರು ಜನ ಒಂದೇ ಪದಗಳ ರಾಜೀನಾಮೆ ಕೊಟ್ಟಿದ್ದರೆ ಅದೇ ದೊಡ್ಡ ಸಾಕ್ಷಿ. ಹತ್ತು ಜನ ಸೇರಿ ಬರೆದ ಅರ್ಜಿಗೆ ಒಬ್ಬರ ಅರ್ಜಿಗಿಂತ ತೂಕ ಹೆಚ್ಚು. ರಾಜಿ ಸಂಧಾನ ಅಧಿಕಾರಿಯ ಮುಂದೆ 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿನ ಪ್ರಕರಣದ ಸಂಖ್ಯೆ ಇಎಸ್‌ಐ ಕಚೇರಿಯಲ್ಲೂ ನಿಮ್ಮ ಪರ ಮಾತಾಡುತ್ತದೆ.

ಅರ್ಜಿ, ಬ್ಯಾಂಕು, ಹೆಸರು

ಅರ್ಜಿ ಇಎಸ್‌ಐ ಪೋರ್ಟಲ್‌ನಲ್ಲಿ. ಆಧಾರ್ ಪ್ರತಿ ಮತ್ತು ಪಾಸ್‌ಬುಕ್ ಪುಟ ಅಪ್‌ಲೋಡ್ ಮಾಡಿದರೆ ಸರಿ, ಮಾಡದಿದ್ದರೆ ಪ್ರಿಂಟ್ ತೆಗೆದು ಸಹಿ ಹಾಕಿ ದಾಖಲೆಗಳ ಜತೆ ಬ್ರಾಂಚ್ ಆಫೀಸಿಗೆ ಕೊಡಬೇಕು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಬರಬೇಕು. ಮುಂದಿನ ದಿನಗಳಿಗೆ ಮುಂಗಡವಾಗಿ ಕೇಳುವಂತಿಲ್ಲ, ಕಳೆದ ನಿರುದ್ಯೋಗದ ದಿನಗಳಿಗೆ ಮಾತ್ರ. ಹಾಗಾಗಿ ಕೆಲಸ ಹೋದ ಐದನೇ ದಿನ 90 ದಿನಕ್ಕೆ ಹಾಕಿದ ಅರ್ಜಿ ವಾಪಸ್ಸಾಗುವುದು ಸಹಜ. ನಡುವೆ ಬೇರೆ ಕೆಲಸ ಸಿಕ್ಕಿದರೆ ಮುಚ್ಚಿಡಬೇಡಿ. ಹೊಸ ಮಾಲೀಕ ಅದೇ ಐಪಿ ನಂಬರಿಗೆ ವಂತಿಗೆ ಕಟ್ಟಿದ ದಿನವೇ ಅದು ಕಚೇರಿಯ ಪರದೆಯಲ್ಲಿ ಕಾಣುತ್ತದೆ, ಸುಳ್ಳು ಹೇಳಿಕೆ ಶಿಕ್ಷಾರ್ಹ ಅಪರಾಧ. ಕೆಲಸ ಹೋದ ದಿನದಿಂದ ಹೊಸ ಕೆಲಸದ ಹಿಂದಿನ ದಿನದವರೆಗಿನ ಪರಿಹಾರ ಹೇಗೂ ಸಿಗುತ್ತದೆ.

ಮಂಜೂರಾದ ಹಣ ಬ್ಯಾಂಕಿನಿಂದ ವಾಪಸ್ಸಾಗುವುದು ಕರ್ನಾಟಕದಲ್ಲಿ ವಿಶೇಷವಾಗಿ ಸಾಮಾನ್ಯ, ಯಾಕೆಂದರೆ ನಮ್ಮ ಹಲವು ಬ್ಯಾಂಕುಗಳು ವಿಲೀನವಾಗಿ ಹೋದವು. ಮೈಸೂರು ಬ್ಯಾಂಕ್ 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಹತ್ತು ವರ್ಷದ ಹಿಂದೆ ಐಪಿ ನಂಬರ್ ಮಾಡಿಸುವಾಗ ಕೊಟ್ಟ ಸಿಂಡಿಕೇಟ್ ಬ್ಯಾಂಕಿನ ಐಎಫ್‌ಎಸ್‌ಸಿ ಇವತ್ತು ಸತ್ತ ಸಂಕೇತ. ಪಾಸ್‌ಬುಕ್ ಹೊಸದಾಗಿ ಪ್ರಿಂಟ್ ಮಾಡಿಸಿ, ಅದರಲ್ಲಿರುವ ಸಂಕೇತವೇ ಇಎಸ್‌ಐ ದಾಖಲೆಯಲ್ಲೂ ಇದೆಯೇ ನೋಡಬೇಕು. ಹೆಸರಿನ ಗೋಳು ಇದಕ್ಕಿಂತ ಹಳೆಯದು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಮದುವೆಯಾದವರಿಗೆ ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಆಧಾರ್ ಅನ್ನು ಅಳತೆಗೋಲಾಗಿಟ್ಟು ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸುವುದೇ ಕಡಿಮೆ ಕಷ್ಟದ ದಾರಿ.

ಫೋನ್ ಲೈನ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ

ಇಎಸ್‌ಐ ಟೋಲ್ ಫ್ರೀ ಸಂಖ್ಯೆ 1800-11-2526, ಇಪಿಎಫ್‌ಒದ್ದು 14470. ಅಲ್ಲಿ ಕೂತವರಿಗೆ ನಿಮ್ಮ ಅರ್ಜಿ ಮಂಜೂರು ಮಾಡುವ ಅಧಿಕಾರ ಇಲ್ಲ. ಪರದೆ ನೋಡಿ ಹೇಳಬಲ್ಲರು, ದೂರು ದಾಖಲಿಸಬಲ್ಲರು, ಅಷ್ಟೇ. ‘ನನ್ನ ದುಡ್ಡು ಯಾವಾಗ ಬರುತ್ತೆ’ ಎಂದು ಕೇಳಿದರೆ ‘ಪ್ರೊಸೆಸ್‌ನಲ್ಲಿದೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗದು. ಕೇಳಬೇಕಾದ್ದು ಬೇರೆ: ದಾಖಲೆಯಲ್ಲಿರುವ ನನ್ನ ಕೊನೆಯ ಕೆಲಸದ ದಿನಾಂಕ ಯಾವುದು? ಕೆಲಸ ಬಿಟ್ಟ ಕಾರಣ ಏನೆಂದು ನಮೂದಾಗಿದೆ? ಅರ್ಜಿ ಈಗ ಯಾವ ಕಚೇರಿಯಲ್ಲಿದೆ, ಯಾವ ದಾಖಲೆ ಬಾಕಿ? ದೂರಿನ ಸಂಖ್ಯೆ ಎಷ್ಟು? ಈ ನಾಲ್ಕಕ್ಕೆ ಉತ್ತರ ಬರೆದುಕೊಂಡರೆ ಕರೆ ಸಾರ್ಥಕ. ಐಪಿ ನಂಬರ್, ಅರ್ಜಿ ಸಂಖ್ಯೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಎದುರಿಗಿಟ್ಟುಕೊಂಡೇ ಡಯಲ್ ಮಾಡಿ. ಕರೆ ಮುಗಿದ ಮೇಲೆ ದಿನಾಂಕ, ಸಮಯ, ಹೇಳಿದ್ದು ಇಷ್ಟನ್ನು ಬ್ರಾಂಚ್ ಮ್ಯಾನೇಜರ್‌ಗೆ ಎರಡು ಸಾಲಿನ ಈಮೇಲ್ ಮಾಡಿ.

ಗೂಗಲ್‌ನಲ್ಲಿ ‘ಪಿಎಫ್ ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕ ಮೊಬೈಲ್ ನಂಬರಿಗೆ ಕರೆ ಮಾಡಿ ಒಟಿಪಿ ಹೇಳಿದರೆ, ತಡವಾಗುತ್ತಿದ್ದ ಹಣ ಇನ್ನೊಬ್ಬರ ಖಾತೆಗೆ ಬಲುಬೇಗ ಹೋಗುತ್ತದೆ. ಶೇಕಡಾವಾರು ಕಮಿಷನ್‌ಗೆ ಪಿಎಫ್ ತೆಗೆದುಕೊಡುವ ಸೈಬರ್ ಸೆಂಟರ್‌ಗಳ ವಿಷಯದಲ್ಲೂ ಎಚ್ಚರ ಬೇಕು. ಅವರು ಹಾಕುವ ಮೊಬೈಲ್ ನಂಬರ್ ಅವರದೇ ಆಗಿದ್ದರೆ ಮುಂದಿನ ಎಲ್ಲ ಸಂದೇಶಗಳೂ ಅವರಿಗೇ.

ಅರ್ಹರ ಅರ್ಜಿಗಳನ್ನು 15 ದಿನದಲ್ಲಿ ಇತ್ಯರ್ಥ ಮಾಡುತ್ತೇವೆ ಎಂದು 2020ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಹೇಳಿತ್ತು. ಒಂದು ತಿಂಗಳು ದಾಟಿದರೆ ಫೋನ್ ಬದಿಗಿಟ್ಟು ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ಗೆ ಹೋಗಿ, ಕಾರ್ಮಿಕ ಸಚಿವಾಲಯದ ಅಡಿ ದೂರು ಹಾಕಿ. 2024ರ ಆಗಸ್ಟ್‌ನಿಂದ ಅಲ್ಲಿ ಉತ್ತರಕ್ಕೆ 21 ದಿನದ ಗಡುವು. ಮುಚ್ಚಿಬಿಟ್ಟ ದೂರಿನ ಮೇಲೆ 30 ದಿನದೊಳಗೆ ಅಪೀಲು ಮಾಡಬಹುದು. ದೂರು ಉದ್ದವಿರಬಾರದು: ಐಪಿ ನಂಬರ್, ಅರ್ಜಿ ಸಂಖ್ಯೆ ಮತ್ತು ದಿನಾಂಕ, ಯಾವ ನಿಯಮದಡಿ ತಡೆಹಿಡಿದಿದ್ದೀರಿ ಎಂಬ ಒಂದು ಪ್ರಶ್ನೆ, ಸ್ವೀಕೃತಿಯ ಪ್ರತಿ. ಬಡತನದ ವರ್ಣನೆ ಬರೆದರೆ ಅಧಿಕಾರಿ ಸಹಾನುಭೂತಿಯ ಸಾಲೊಂದನ್ನು ಬರೆದು ಫೈಲು ಮುಚ್ಚುತ್ತಾರೆ. ದಿನಾಂಕ ಬರೆದರೆ ದಿನಾಂಕಕ್ಕೆ ಉತ್ತರಿಸಲೇಬೇಕು.

ಅದೂ ಫಲಿಸದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಗಡುವು 30 ದಿನ, ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ. ‘ಯಾಕೆ ತಡ ಮಾಡಿದಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳುತ್ತಾರೆ. ‘ನನ್ನ ಅರ್ಜಿಯ ಫೈಲ್ ಟಿಪ್ಪಣಿಗಳ ಪ್ರತಿ, ಅದು ಯಾವ ದಿನ ಯಾವ ಹುದ್ದೆಯ ಅಧಿಕಾರಿಗೆ ಹೋಯಿತು ಎಂಬ ದಾಖಲೆ, ಮಾಲೀಕರು ನಮೂದಿಸಿದ ಕಾರಣ ಸಂಕೇತದ ಪ್ರತಿ’ ಎಂದು ಕೇಳಬೇಕು. ಎಷ್ಟೋ ಫೈಲುಗಳು ಉತ್ತರ ಬರುವ ಮೊದಲೇ ಮೇಜಿನಿಂದ ಮೇಲೇಳುತ್ತವೆ.

ಇಎಸ್‌ಐ ಸೌಲಭ್ಯಗಳ ವಿವಾದಕ್ಕೆಂದೇ ನೌಕರರ ವಿಮಾ ನ್ಯಾಯಾಲಯವಿದೆ. 1948ರ ಇಎಸ್‌ಐ ಕಾಯ್ದೆಯಲ್ಲಿ ಇದ್ದದ್ದನ್ನು ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರ ಫೀಸಿನ ಭಯ ಬೇಡ: ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಅದರ ಸಹಾಯವಾಣಿ 15100.

ಪಿಎಫ್ ಬಗ್ಗೆ ಚಿಕ್ಕದಾಗಿ. ಮಾಲೀಕರು ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಆಧಾರ್ ಒಟಿಪಿ ಬಳಸಿ ನೀವೇ ಹಾಕಿಕೊಳ್ಳಬಹುದು. 2017ರ ಅಕ್ಟೋಬರ್ ನಂತರ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪಡೆದವರು ಹೆಸರು, ಜನ್ಮದಿನಾಂಕದ ತಪ್ಪನ್ನೂ ಮಾಲೀಕರ ಒಪ್ಪಿಗೆ ಇಲ್ಲದೆ ತಿದ್ದಬಹುದು. ಸರಿಯಾದ ಕ್ಲೇಮ್ 20 ದಿನದಲ್ಲಿ ಮುಗಿಯಬೇಕು, ಸಕಾರಣವಿಲ್ಲದೆ ಮೀರಿದರೆ ಶೇ 12 ಬಡ್ಡಿಯನ್ನು ಆಯುಕ್ತರ ಸಂಬಳದಿಂದ ಹಿಡಿಯಬಹುದು ಎಂದು ಪಿಎಫ್ ಯೋಜನೆಯಲ್ಲೇ ಇದೆ. ದೂರಿನಲ್ಲಿ ಆ 72(7)ನೇ ಪ್ಯಾರಾ ಉಲ್ಲೇಖಿಸಿದರೆ ಓದುವವರ ಬೆನ್ನು ನೆಟ್ಟಗಾಗುತ್ತದೆ. ಕೆಲಸ ಹೋದ ಕೂಡಲೇ ಶೇ 75 ತೆಗೆಯಬಹುದು, ಪೂರ್ತಿ ಲೆಕ್ಕ ಮುಗಿಸಲು ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು ಎಂದು 2025ರ ಅಕ್ಟೋಬರ್ 13ರಂದು ಇಪಿಎಫ್‌ಒ ಮಂಡಳಿ ತೀರ್ಮಾನಿಸಿದ ಮೇಲೆ ಮೂರು ತಿಂಗಳ ಇಎಸ್‌ಐ ಹಣದ ಬೆಲೆ ಇನ್ನೂ ಹೆಚ್ಚಿದೆ. ರಾಜ್ಯ ಸರ್ಕಾರದ ಯುವನಿಧಿಯನ್ನು ಇದರ ಜತೆ ಬೆರೆಸಬೇಡಿ. ಅದು ಓದು ಮುಗಿಸಿ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಇದ್ದ ಕೆಲಸ ಹೋದವರಿಗಲ್ಲ.

ಕಾರ್ಮಿಕ ಇಲಾಖೆಯಲ್ಲಿ ವಿವಾದ ನಡೆಯುತ್ತಿದೆ, ಅದು ಮುಗಿದ ಮೇಲೆ ಇಎಸ್‌ಐಗೆ ಹೋಗೋಣ ಎಂದು ಕಾಯುವವರು ಬಹಳ. ನಿರುದ್ಯೋಗ ಪರಿಹಾರದ ಅರ್ಜಿಗೆ ಕೆಲಸ ಹೋದ ದಿನದಿಂದ ಒಂದು ವರ್ಷದ ಮಿತಿಯಿದೆ, ರಾಜಿ ಸಂಧಾನ ಎಳೆದಾಡಿದರೂ ಆ ಗಡಿಯಾರ ನಿಲ್ಲುವುದಿಲ್ಲ. ಆಗಸ್ಟ್ 10ರಂದು ಕೆಲಸ ಹೋಗಿದ್ದರೆ ಸೆಪ್ಟೆಂಬರ್ ಎರಡನೇ ವಾರ, 30 ದಿನ ತುಂಬಿದ ಕೂಡಲೇ ಅರ್ಜಿ ಹಾಕಿ. ರಾಜೀನಾಮೆ ಪ್ರಶ್ನೆ ಬಾಕಿ ಇದ್ದರೆ ಸಂಧಾನದ ಪ್ರಕರಣ ಸಂಖ್ಯೆಯನ್ನು ಅರ್ಜಿಯ ಜತೆ ಲಗತ್ತಿಸಿ. ತಿರಸ್ಕಾರವಾದರೂ ಅದು ದಿನಾಂಕ, ಕಾರಣ ಎರಡೂ ಇರುವ ಲಿಖಿತ ಆದೇಶವಾಗಿರಲಿ ಎಂದು ಒತ್ತಾಯಿಸಿ. ವಿಮಾ ನ್ಯಾಯಾಲಯದ ಮುಂದೆ ಇಡಬೇಕಾದ ಮೊದಲ ಕಾಗದ ಅದೇ.